ಕೈಗಡಿಯಾರಗಳ ಸಂಗ್ರಹ: ಒಂದು ‘ಜನತಾ’ ವಾಚಿನ ಚರಿತ್ರೆ

ನಿಮ್ಮ ಮನೆಯ ಬೀರುವಿನ ಒಳಖಾನೆಯಲ್ಲಿ, ಹಳೆಯ ಪಾಸ್‌ಬುಕ್ಕು ಮತ್ತು ಮುರಿದ ಕನ್ನಡಕಗಳ ನಡುವೆ, ನಿಂತುಹೋದ ಒಂದು ಕೈಗಡಿಯಾರ ಇರಬಹುದು. ತಾತನದೋ ತಂದೆಯದೋ ಆಗಿರುತ್ತದೆ. ತೆಗೆದು ನೋಡಿ. ಅದು ಕೀ ಕೊಡುವ ವಾಚಾಗಿದ್ದರೆ ಡಯಲ್ ಮೇಲೆ ಎಚ್.ಎಂ.ಟಿ. ಎಂದು ಬರೆದಿರುವ ಸಂಭವವೇ ಹೆಚ್ಚು. ಬಲಬದಿಯ ತಿರುಪನ್ನು ನಾಲ್ಕಾರು ಸುತ್ತು ತಿರುಗಿಸಿ ಕಿವಿಗೆ ಹಿಡಿಯಿರಿ. ಇಪ್ಪತ್ತು ವರ್ಷ ಕತ್ತಲಲ್ಲಿದ್ದ ವಾಚು ಟಿಕ್ ಟಿಕ್ ಎಂದರೆ ಆಶ್ಚರ್ಯಪಡಬೇಡಿ. ಈ ಸದ್ದಿನ ಹಿಂದೆ ಪ್ರಥಮ ಪಿಯುಸಿಯ ಭೌತಶಾಸ್ತ್ರದ ಹಲವು ಪಾಠಗಳೂ ಬೆಂಗಳೂರಿನ ಅರ್ಧ ಶತಮಾನದ ಚರಿತ್ರೆಯೂ ಅಡಗಿವೆ.

ಹಳೆಯ ಕೈಗಡಿಯಾರಗಳನ್ನು ಆಯ್ದು ಸಂಗ್ರಹಿಸುವುದು ಈಗ ಅನೇಕರ ಹವ್ಯಾಸ. ಅಂಚೆಚೀಟಿ, ನಾಣ್ಯಗಳ ಸಂಗ್ರಹದಂತೆಯೇ ಇದೂ ಒಂದು. ಆದರೆ ಒಂದು ವ್ಯತ್ಯಾಸವಿದೆ. ನಾಣ್ಯವನ್ನು ಪೆಟ್ಟಿಗೆಯಲ್ಲಿಟ್ಟರೆ ಸಾಕು. ವಾಚು ಓಡಬೇಕೆಂದು ಎಲ್ಲರೂ ಬಯಸುತ್ತಾರೆ. ಓಡಿಸಲು ಹೋಗಿ, ಚೆಂದಗಾಣಿಸಲು ಹೋಗಿ, ಅದರ ಚರಿತ್ರೆಯನ್ನೇ ಅಳಿಸಿಹಾಕುವ ಅಪಾಯ ಇದೆ. ಈ ತಪ್ಪನ್ನು ನಾನೇ ಮಾಡಿದ್ದೇನೆ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಉಪ್ಪಾರಪೇಟೆಯಲ್ಲಿ ಆದದ್ದು

ನಮ್ಮ ತಂದೆ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕರಾಗಿದ್ದರು. 1968ರಲ್ಲಿ ಕೊಂಡ ‘ಜನತಾ’ ವಾಚನ್ನು ನಿವೃತ್ತಿಯಾಗುವವರೆಗೂ ಕಟ್ಟಿದರು. ಶಾಲೆಯಲ್ಲಿ ಸ್ಟಾಪ್‌ವಾಚ್ ಇರಲಿಲ್ಲ. ಸರಳ ಲೋಲಕದ ಇಪ್ಪತ್ತು ಆಂದೋಲನಗಳಿಗೆ ಎಷ್ಟು ಸೆಕೆಂಡು ಎಂದು ಅಳೆಯಲು ಆ ವಾಚಿನ ಸೆಕೆಂಡಿನ ಮುಳ್ಳೇ ಗತಿ. ಒಮ್ಮೆ ಮಳೆಯಲ್ಲಿ ನೆನೆದು ನೀರು ಒಳಹೊಕ್ಕಿದ್ದರಿಂದ, ಏಳು ಗಂಟೆಯ ಗುರುತಿನ ಬಳಿ ಡಯಲ್ ಮೇಲೆ ಒಂದು ಕಂದು ಕಲೆ ಉಳಿದಿತ್ತು. 2004ರಲ್ಲಿ ಅವರು ತೀರಿಕೊಂಡ ಮೇಲೆ ವಾಚು ನನ್ನ ಪಾಲಿಗೆ ಬಂತು.

ಉಪ್ಪಾರಪೇಟೆ ಎಂದರೆ ಇಂದು ಬಹುಮಂದಿಗೆ ನೆನಪಾಗುವುದು ಅಲ್ಲಿನ ಪೊಲೀಸ್ ಠಾಣೆ. ಅರಳೆಪೇಟೆ, ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆಗಳಂತೆ ಇದೂ ಕಸುಬಿನ ಹೆಸರು ಹೊತ್ತ ಪೇಟೆಯೇ. ಈಗ ಮೆಜೆಸ್ಟಿಕ್ಕಿನ ಬಸ್ಸು, ವಸತಿಗೃಹ, ಜನಜಂಗುಳಿಗಳ ನಡುವೆ ಆ ಹೆಸರು ಮರೆಯಾಗಿದೆ. ಊರಿಂದ ಬಸ್ಸಿಳಿದವರು ವಾಚಿನ ಬೆಲ್ಟು ಬದಲಿಸುವುದು, ಗಾಜು ಹಾಕಿಸುವುದು ಇಲ್ಲಿಯೇ. ಮೆಟ್ಟಿಲ ಕೆಳಗಿನ ಎರಡಡಿ ಜಾಗದಲ್ಲಿ ಗಾಜಿನ ಪೆಟ್ಟಿಗೆ ಇಟ್ಟುಕೊಂಡು, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ತಲೆ ಬಗ್ಗಿಸಿ ಕೂತ ರಿಪೇರಿಯವರನ್ನು ನೀವೂ ನೋಡಿರುತ್ತೀರಿ. ಅಂಥ ಒಬ್ಬರ ಕೈಗೆ ತಂದೆಯ ವಾಚನ್ನು ಕೊಟ್ಟೆ.

“ಡಯಲ್ ಕಲೆ ಹಿಡಿದಿದೆ ಸಾರ್. ಹೊಸದರ ಥರ ಮಾಡಿಕೊಡಲಾ?” ಎಂದು ಅವರು ಕೇಳಿದರು. “ಮಾಡಿ” ಎಂದೆ. ತಪ್ಪು ಅವರದಲ್ಲ, ಕೇಳಿಯೇ ಮಾಡಿದರು. ಬ್ಯಾಲೆನ್ಸ್ ಕೂಡ ಬದಲಿಸಬೇಕೆಂದರು, ಅದಕ್ಕೂ ಒಪ್ಪಿದೆ. ಒಂದು ವಾರದ ನಂತರ ವಾಚು ಬೆಳ್ಳಗೆ ಹೊಳೆಯುತ್ತ ಬಂತು. ಚೆನ್ನಾಗಿಯೇ ಓಡುತ್ತಿತ್ತು. ತಾಯಿಗೆ ತೋರಿಸಿದರೆ ಅವರು ಒಮ್ಮೆ ತಿರುಗಿಸಿ ನೋಡಿ, “ಇದು ನಿಮ್ಮಪ್ಪನ ವಾಚಲ್ಲ ಕಣೋ” ಎಂದು ಹಿಂದಿರುಗಿಸಿದರು.

ಅವರ ಮಾತು ಎಷ್ಟು ನಿಜ ಎಂಬುದು ನನಗೆ ಗೊತ್ತಾಗಿದ್ದು ಕೆಲವು ವರ್ಷಗಳ ನಂತರ, ಮನೆ ಖಾಲಿ ಮಾಡುವಾಗ ತಂದೆಯ ಒಂದು ನೋಟ್‌ಬುಕ್ಕು ಸಿಕ್ಕಾಗ. ಅದರ ವಿಷಯಕ್ಕೆ ಮತ್ತೆ ಬರುತ್ತೇನೆ. ಮೊದಲು, ಆ ವಾಚು ಅವರ ಕೈಗೆ ಬಂದದ್ದು ಹೇಗೆಂದು ನೋಡೋಣ.

ಯಂತ್ರ ಮಾಡುವ ಯಂತ್ರದಿಂದ ವಾಚಿನವರೆಗೆ

ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಗಂಡಸರ ಗಡಿಯಾರವೆಂದರೆ ಜೇಬಿನದು. ಮುಂಗೈಗೆ ಕಟ್ಟುವುದು ಹೆಂಗಸರ ಆಭರಣವೆಂದು ಭಾವಿಸಲಾಗಿತ್ತು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಒಂದು ಕೈಯಲ್ಲಿ ಬಂದೂಕು ಹಿಡಿದು ಇನ್ನೊಂದರಿಂದ ಜೇಬು ತಡಕುವುದು ಸಾಧ್ಯವಿರಲಿಲ್ಲ. ಸೈನಿಕರು ಕೈಗೆ ಕಟ್ಟಿದರು; ಯುದ್ಧ ಮುಗಿದ ಮೇಲೂ ಬಿಚ್ಚಲಿಲ್ಲ. ಭಾರತದಲ್ಲಿ ಮಾರಾಟವಾಗುತ್ತಿದ್ದವೆಲ್ಲ ಹೊರದೇಶದವು, ಅದರಲ್ಲೂ ಸ್ವಿಸ್ ವಾಚುಗಳು. ವೆಸ್ಟ್ ಎಂಡ್, ಫಾವ್ರ್-ಲೂಬಾ ಎಂಬ ಹೆಸರುಗಳು ನಿಮ್ಮ ತಾತಂದಿರಿಗೆ ಪರಿಚಿತ. ಸಾಮಾನ್ಯ ಸಂಬಳದಾರನಿಗೆ ಅವು ಎಟುಕುತ್ತಿರಲಿಲ್ಲ.

ಸ್ವಾತಂತ್ರ್ಯಾನಂತರ, 1953ರಲ್ಲಿ, ಬೆಂಗಳೂರಿನಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆ ಸ್ಥಾಪಿತವಾಯಿತು. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪೆನಿಯ ಸಹಯೋಗದೊಡನೆ ಜಾಲಹಳ್ಳಿಯಲ್ಲಿ ಲೇತ್ ಮುಂತಾದ ಯಂತ್ರೋಪಕರಣಗಳ ತಯಾರಿಕೆ ಆರಂಭವಾಯಿತು. ಯಂತ್ರ ಮಾಡುವ ಯಂತ್ರಗಳ ಕಾರ್ಖಾನೆಗೆ ವಾಚಿನ ಗೊಡವೆ ಏಕೆ ಎಂದು ನೀವು ಕೇಳಬಹುದು. ವಾಚಿನ ಹಲ್ಲುಚಕ್ರದ ಅಚ್ಚಿನ ತುದಿ ಸುಮಾರು 0.1 ಮಿಲಿಮೀಟರ್ ದಪ್ಪವಿರುತ್ತದೆ. ಅದರಲ್ಲಿ ಕೆಲವು ಮೈಕ್ರೋಮೀಟರ್‌ಗಳಷ್ಟು ಏರುಪೇರಾದರೂ ವಾಚು ನಿಲ್ಲುತ್ತದೆ. ಇಂಥ ಭಾಗವನ್ನು ಒಂದಲ್ಲ, ಲಕ್ಷಗಟ್ಟಲೆ ಒಂದೇ ಅಳತೆಗೆ ಕಡೆಯುವುದು ಒಬ್ಬ ಕುಶಲಿಯ ಕೈಚಳಕದಿಂದ ಆಗದು. ನಿಖರವಾದ ಯಂತ್ರಗಳು ಬೇಕು, ಅವುಗಳನ್ನು ಅರಿತ ಜನ ಬೇಕು. ಅದೆರಡೂ ಜಾಲಹಳ್ಳಿಯಲ್ಲಿದ್ದವು.

1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಲ್ಲಿ ವಾಚು ಕಾರ್ಖಾನೆ ಆರಂಭವಾಯಿತು. ಮೊದಲ ತಂಡದ ವಾಚುಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ಜವಾಹರಲಾಲ್ ನೆಹರೂ. ಸ್ವಿಸ್ ವಾಚುಗಳ ದೇಶಕ್ಕೆ ಜಪಾನಿನ ತಂತ್ರಜ್ಞಾನ ಬಂದದ್ದನ್ನು ಸಂಗ್ರಹಕಾರರು ಇಂದಿಗೂ ಕೈಯಲ್ಲಿ ಹಿಡಿದು ನೋಡಬಹುದು. ಆರಂಭದ ಕೆಲವು ವಾಚುಗಳ ಮೇಲೆ ಎಚ್.ಎಂ.ಟಿ. ಜೊತೆಗೆ ಸಿಟಿಜನ್ ಎಂಬ ಹೆಸರೂ ಇದೆ. ಅನೇಕ ಡಯಲ್‌ಗಳ ಮೇಲೆ ಕಾಣುವ ‘ಪ್ಯಾರಾಶಾಕ್’ ಎಂಬ ಪದ, ಕೆಳಗೆ ಬಿದ್ದಾಗ ಸೂಕ್ಷ್ಮ ಅಚ್ಚು ಮುರಿಯದಂತೆ ಕಾಯುವ ಸಿಟಿಜನ್ನಿನ ಸ್ಪ್ರಿಂಗು ವ್ಯವಸ್ಥೆಯ ಹೆಸರು.

ಆಮೇಲಿನದು ನಿಮಗೆ ಗೊತ್ತಿರುವ ಕಥೆ. ಜನತಾ, ಪೈಲಟ್, ಜವಾನ್, ಸೋನಾ, ಕೊಹಿನೂರ್, ಹೆಂಗಸರಿಗೆ ಸುಜಾತಾ. ಕೀ ಕೊಡಬೇಕಿಲ್ಲದ, ವಾರ ಮತ್ತು ತಾರೀಕು ತೋರಿಸುವ ಕಾಂಚನ್ ಮದುವೆಯ ಮಾತುಕತೆಯಲ್ಲೂ ಸೇರಿಕೊಂಡಿತು. ವರನ ಕಡೆಯವರು ಹೆಸರು ಹಿಡಿದು ಅದನ್ನೇ ಕೇಳುತ್ತಿದ್ದರಂತೆ. ಎಸ್.ಎಸ್.ಎಲ್.ಸಿ. ಪಾಸಾದವನಿಗೆ, ನೌಕರಿ ಸಿಕ್ಕವನಿಗೆ, ನಿವೃತ್ತಿಯಾದವನಿಗೆ ಕೊಡುವ ಉಡುಗೊರೆ ಒಂದೇ. 1978ರಲ್ಲಿ ತುಮಕೂರಿನಲ್ಲಿಯೂ ಕಾರ್ಖಾನೆ ಬಂತು. ಕಣ್ಣು ಕಾಣದವರಿಗಾಗಿ ಮುಳ್ಳನ್ನು ಬೆರಳಿನಿಂದ ಮುಟ್ಟಿ ನೋಡುವ ಬ್ರೈಲ್ ವಾಚನ್ನೂ ಎಚ್.ಎಂ.ಟಿ. ತಯಾರಿಸಿತು. ಲಾಲ್‌ಬಾಗಿನ ಹೂವಿನ ಗಡಿಯಾರ ಕೂಡ ಅದರದೇ ಕೊಡುಗೆ. ಒಟ್ಟು ಹತ್ತು ಕೋಟಿಗೂ ಹೆಚ್ಚು ಕೈಗಡಿಯಾರಗಳು ಈ ಹೆಸರಿನಲ್ಲಿ ಹೊರಬಂದವು.

ಹಿಂಬದಿಯ ಮುಚ್ಚಳ ತೆಗೆದರೆ

ಜನತಾ ವಾಚಿನ ಒಳಗೆ ಅಂಥ ಗಹನವಾದದ್ದೇನೂ ಇಲ್ಲ. ಸುರುಳಿ ಸುತ್ತಿದ ಮುಖ್ಯ ಸ್ಪ್ರಿಂಗು, ಒಂದರ ಹಲ್ಲಿಗೆ ಇನ್ನೊಂದು ಸಿಕ್ಕಿಕೊಂಡ ನಾಲ್ಕೈದು ಚಕ್ರಗಳು, ಕೊನೆಯಲ್ಲಿ ಅತ್ತಿತ್ತ ತೂಗಾಡುವ ಬ್ಯಾಲೆನ್ಸ್ ಚಕ್ರ. ಕಾಲವನ್ನು ಅಳೆಯುವುದು ಈ ಬ್ಯಾಲೆನ್ಸ್. ಕೂದಲಿನಷ್ಟು ತೆಳುವಾದ ಹೇರ್‌ಸ್ಪ್ರಿಂಗ್ ಅದನ್ನು ಮತ್ತೆ ಮತ್ತೆ ಮಧ್ಯಸ್ಥಾನಕ್ಕೆ ಎಳೆಯುತ್ತದೆ. 1675ರಲ್ಲಿ ಡಚ್ ವಿಜ್ಞಾನಿ ಹೈಗೆನ್ಸ್ ಇದನ್ನು ಪ್ರಕಟಿಸಿದಾಗ, ಕಲ್ಪನೆ ತನ್ನದೆಂದು ಇಂಗ್ಲೆಂಡಿನ ರಾಬರ್ಟ್ ಹುಕ್ ಜಗಳಕ್ಕೆ ನಿಂತ. ಸ್ಪ್ರಿಂಗಿನ ನಿಯಮಕ್ಕೆ ಹೆಸರು ಕೊಟ್ಟ ಅದೇ ಹುಕ್.

ಗೋಡೆ ಗಡಿಯಾರದ ಲೋಲಕವನ್ನು ಕೈಗೆ ಕಟ್ಟಿಕೊಳ್ಳಲು ಏಕೆ ಆಗುವುದಿಲ್ಲ ಎಂದು ವಿದ್ಯಾರ್ಥಿಗಳನ್ನು ಕೇಳಿ ನೋಡಿ. ಲೋಲಕದ ಆವರ್ತ ಕಾಲ ಗುರುತ್ವ ವೇಗೋತ್ಕರ್ಷವನ್ನು ಅವಲಂಬಿಸಿದೆ. ಕೈ ಬೀಸಿದರೆ, ಮಲಗಿದರೆ ಅದು ಕೆಟ್ಟಿತು. ಬ್ಯಾಲೆನ್ಸಿನ ಆವರ್ತ ಕಾಲವಾದರೋ ಚಕ್ರದ ಜಡತ್ವ ಮಹತ್ವವನ್ನು ಸ್ಪ್ರಿಂಗಿನ ತಿರುಚು ಸ್ಥಿರಾಂಕದಿಂದ ಭಾಗಿಸಿ ಬಂದುದರ ವರ್ಗಮೂಲಕ್ಕೆ ಅನುಪಾತದಲ್ಲಿದೆ. ಅಲ್ಲಿ ಗುರುತ್ವದ ಪ್ರಸ್ತಾಪವೇ ಇಲ್ಲ. ತಾತ್ವಿಕವಾಗಿ ಇಲ್ಲ ಎನ್ನಬೇಕು. ಚಕ್ರದ ಭಾರ ಒಂದು ಬದಿಗೆ ಎಳ್ಳಿನ ತುಣುಕಿನಷ್ಟು ಹೆಚ್ಚಾದರೂ ವಾಚನ್ನು ಮಲಗಿಸಿದಾಗ ಒಂದು ವೇಗ, ನೇತುಹಾಕಿದಾಗ ಇನ್ನೊಂದು ವೇಗ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಬ್ಯಾಲೆನ್ಸ್ ತೂಗುತ್ತಿರಬೇಕಾದರೆ ಅದಕ್ಕೆ ಶಕ್ತಿ ಬೇಕು. ಉಯ್ಯಾಲೆಯಲ್ಲಿ ಕೂತ ಮಗುವನ್ನು ನಾವು ಸರಿಯಾದ ಕ್ಷಣದಲ್ಲಿ ಮಾತ್ರ ತಳ್ಳುವಂತೆ, ಮುಖ್ಯ ಸ್ಪ್ರಿಂಗಿನ ಶಕ್ತಿಯನ್ನು ಚೂರು ಚೂರಾಗಿ ತಲುಪಿಸುವ ಭಾಗಕ್ಕೆ ಎಸ್ಕೇಪ್‌ಮೆಂಟ್ ಎಂದು ಹೆಸರು. ವಾಚುಗಳಲ್ಲಿ ಬಳಕೆಗೆ ಬಂದ ಲಿವರ್ ಎಸ್ಕೇಪ್‌ಮೆಂಟ್ ಸುಮಾರು 1755ರಲ್ಲಿ ಲಂಡನ್ನಿನ ತಾಮಸ್ ಮಜ್ ರೂಪಿಸಿದ್ದು. ನೀವು ಕೇಳುವ ಟಿಕ್ ಸದ್ದು ಅದರ ಹಲ್ಲು ಸಿಕ್ಕಿ ಬಿಡುವ ಸದ್ದು. ಜನತಾದಲ್ಲಿ ಗಂಟೆಗೆ 18,000 ಟಿಕ್, ಅಂದರೆ ಸೆಕೆಂಡಿಗೆ 5, ದಿನಕ್ಕೆ 4,32,000. ದಿನಕ್ಕೆ 10 ಸೆಕೆಂಡು ತಪ್ಪುವ ವಾಚನ್ನು ನಾವು ಸೋಮಾರಿ ಎನ್ನುತ್ತೇವೆ. ಲೆಕ್ಕ ಹಾಕಿ: 86,400ರಲ್ಲಿ 10 ಎಂದರೆ ಶೇಕಡಾ 0.012ಕ್ಕಿಂತ ಕಡಿಮೆ. ನಮ್ಮ ಕಾಲೇಜಿನ ಪ್ರಯೋಗಶಾಲೆಯ ಎಷ್ಟು ಉಪಕರಣಗಳು ಇಷ್ಟು ನಿಖರವಾಗಿವೆ?

ಉಷ್ಣತೆ ಏರಿದರೆ ಉಕ್ಕಿನ ಹೇರ್‌ಸ್ಪ್ರಿಂಗ್ ಮೆತ್ತಗಾಗುತ್ತದೆ. ಪರಿಹಾರವಿಲ್ಲದ ಸಾದಾ ವಾಚು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ದಿನಕ್ಕೆ ಸುಮಾರು 10 ಸೆಕೆಂಡು ಹಿಂದೆ ಬೀಳುತ್ತದೆ. ನಿಕ್ಕಲ್ ಬೆರೆತ ಉಕ್ಕಿನ ಮಿಶ್ರಲೋಹಗಳನ್ನು ಅಧ್ಯಯನ ಮಾಡಿ, ಉಷ್ಣತೆಗೆ ಹಿಗ್ಗದ ಇನ್ವಾರ್ ಮತ್ತು ಉಷ್ಣತೆಗೆ ಬಿಗಿ ಕಳೆದುಕೊಳ್ಳದ ಎಲಿನ್ವಾರ್‌ಗಳನ್ನು ಕೊಟ್ಟ ಶಾರ್ಲ್ ಗಿಯೋಮ್ 1920ರ ಭೌತವಿಜ್ಞಾನ ನೊಬೆಲ್ ಪಡೆದರು. ಅವರು ಸ್ವಿಟ್ಜರ್ಲೆಂಡಿನ ಗಡಿಯಾರ ಕಸುಬಿನ ಮನೆತನದವರು. ಐನ್‌ಸ್ಟೈನ್‌ಗಿಂತ ಒಂದು ವರ್ಷ ಮೊದಲು ಆ ಬಹುಮಾನ ವಾಚಿನ ಲೋಹಕ್ಕೆ ಹೋದದ್ದನ್ನು ಕೆಲವರು ಇಂದಿಗೂ ಹಗುರವಾಗಿ ಕಾಣುತ್ತಾರೆ. ನಾನು ಅವರ ಪೈಕಿ ಅಲ್ಲ.

ಡಯಲ್ ಮೇಲೆ ‘17 ಜ್ಯುವೆಲ್ಸ್’ ಎಂದು ಬರೆದಿರುವುದನ್ನು ನೋಡಿ ವಾಚಿನೊಳಗೆ ಬೆಲೆಬಾಳುವ ರತ್ನಗಳಿವೆ ಎಂದು ನಂಬಿದವರು ಬಹಳ. ಇರುವುದು ಕೃತಕ ಮಾಣಿಕ್ಯ. ಅಲ್ಯೂಮಿನಿಯಂ ಆಕ್ಸೈಡಿಗೆ ಎಳ್ಳಷ್ಟು ಕ್ರೋಮಿಯಂ ಬೆರೆಸಿ ಜ್ವಾಲೆಯಲ್ಲಿ ಕರಗಿಸಿ ಹರಳು ಬೆಳೆಸುವ ವಿಧಾನವನ್ನು ಫ್ರಾನ್ಸಿನ ವೆರ್ನಯ್ 1902ರಲ್ಲಿ ಪ್ರಕಟಿಸಿದ. ಗಟ್ಟಿತನದಲ್ಲಿ ವಜ್ರದ ನಂತರದ ಸ್ಥಾನ ಅದಕ್ಕೆ. ಉಕ್ಕಿನ ಅಚ್ಚು ಅದರಲ್ಲಿ ವರ್ಷಾನುಗಟ್ಟಲೆ ತಿರುಗಿದರೂ ಸವೆಯದು. ಹಾಗಾದರೆ ಹೆಚ್ಚು ಜ್ಯುವೆಲ್ ಇದ್ದಷ್ಟೂ ಒಳ್ಳೆಯ ವಾಚೇ? ಎಣಿಸೋಣ. ಬ್ಯಾಲೆನ್ಸಿಗೆ 5, ಲಿವರಿಗೆ 4, ಉಳಿದ ನಾಲ್ಕು ಚಕ್ರಗಳಿಗೆ ತಲಾ 2. ಒಟ್ಟು 17. ಕೀ ಕೊಡುವ ವಾಚಿಗೆ ಇದಕ್ಕಿಂತ ಹೆಚ್ಚು ಬೇಕಾಗಿಲ್ಲ. 1960ರ ದಶಕದಲ್ಲಿ ಕೆಲವು ವಿದೇಶಿ ಕಂಪೆನಿಗಳು ಕೆಲಸವಿಲ್ಲದ ಕಡೆಯಲ್ಲೆಲ್ಲ ಮಾಣಿಕ್ಯ ಕೂರಿಸಿ ‘100 ಜ್ಯುವೆಲ್ಸ್’ ಎಂದು ಮಾರಿದವು. ಕೊನೆಗೆ, ಕೆಲಸ ಮಾಡುವ ಜ್ಯುವೆಲ್‌ಗಳನ್ನು ಮಾತ್ರ ಎಣಿಸಬೇಕೆಂದು ಅಂತರರಾಷ್ಟ್ರೀಯ ಮಾನಕ ಸಂಸ್ಥೆ 1974ರಲ್ಲಿ ನಿಯಮ ಮಾಡಬೇಕಾಯಿತು. ಸಂಖ್ಯೆ ನೋಡಿ ವಾಚು ಆರಿಸುವವರು ಇದನ್ನು ಗಮನಿಸಬೇಕು.

ಕ್ವಾರ್ಟ್ಸ್ ಬಂದ ಮೇಲೆ

ಹಿಂಡಿದರೆ ವಿದ್ಯುತ್ತು ತೋರುವ, ವಿದ್ಯುತ್ತು ಕೊಟ್ಟರೆ ಕಂಪಿಸುವ ಹರಳುಗಳ ಗುಣವನ್ನು ಕ್ಯೂರಿ ಸಹೋದರರು 1880-81ರಲ್ಲೇ ಕಂಡುಹಿಡಿದಿದ್ದರು. 1927ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಮಾಡಿದ ಮೊದಲ ಕ್ವಾರ್ಟ್ಸ್ ಗಡಿಯಾರ ಮುಂಗೈಗೆ ಕಟ್ಟುವಂಥದ್ದಾಗಿರಲಿಲ್ಲ. 1969ರ ಡಿಸೆಂಬರ್ 25ರಂದು ಜಪಾನಿನ ಸೀಕೋ ಕಂಪೆನಿ ‘ಆಸ್ಟ್ರಾನ್’ ಎಂಬ ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಬೆಲೆ ಆಗಿನ ಒಂದು ಸಣ್ಣ ಕಾರಿನಷ್ಟು. ನಿಖರತೆ ತಿಂಗಳಿಗೆ 5 ಸೆಕೆಂಡು. ಅದರ ಹರಳು ಸೆಕೆಂಡಿಗೆ 8,192 ಬಾರಿ ಕಂಪಿಸುತ್ತಿತ್ತು. ನಂತರ ರೂಢಿಗೆ ಬಂದ ಸಂಖ್ಯೆ 32,768. ಇದೇ ಏಕೆ? ಎರಡನ್ನು ಹದಿನೈದು ಬಾರಿ ಗುಣಿಸಿದರೆ ಬರುವ ಸಂಖ್ಯೆ ಇದು. ಹದಿನೈದು ಬಾರಿ ಅರ್ಧ ಮಾಡುತ್ತ ಹೋದರೆ ಸೆಕೆಂಡಿಗೆ ಸರಿಯಾಗಿ ಒಂದು ಮಿಡಿತ ಸಿಗುತ್ತದೆ.

ಬೆಲೆ ಇಳಿಯುತ್ತ ಬಂದಂತೆ ಹೊಡೆತ ಬಿದ್ದದ್ದು ಸ್ವಿಟ್ಜರ್ಲೆಂಡಿಗೆ. 1970ರಲ್ಲಿ ಅಲ್ಲಿ ಸುಮಾರು 90 ಸಾವಿರ ಜನ ವಾಚು ಉದ್ಯಮದಲ್ಲಿದ್ದರು. 1980ರ ದಶಕದ ಮಧ್ಯಭಾಗಕ್ಕೆ ಉಳಿದವರು ಅದರ ಮೂರನೇ ಒಂದರಷ್ಟು. ನಮ್ಮಲ್ಲಿ ಆಮದಿಗೆ ನಿರ್ಬಂಧವಿದ್ದುದರಿಂದ ಅಲೆ ತಡವಾಗಿ ಬಂತು. ಎಚ್.ಎಂ.ಟಿ. ಕ್ವಾರ್ಟ್ಸ್ ವಾಚು ತಯಾರಿಸಲೇ ಇಲ್ಲ ಎಂದು ಹೇಳುವವರಿದ್ದಾರೆ. ಅದು ಸರಿಯಲ್ಲ, 1980ರ ದಶಕದ ಆರಂಭದಲ್ಲೇ ತಯಾರಿಸಿತ್ತು. ಆದರೆ ಅದರ ಕಾರ್ಖಾನೆಗಳ ಭಾರವೆಲ್ಲ ಕೀ ಕೊಡುವ ವಾಚುಗಳ ಮೇಲಿತ್ತು. 1984ರಲ್ಲಿ ಟಾಟಾ ಸಮೂಹ ಮತ್ತು ತಮಿಳುನಾಡು ಕೈಗಾರಿಕಾ ಅಭಿವೃದ್ಧಿ ನಿಗಮ ಸೇರಿ ಆರಂಭಿಸಿದ ಟೈಟಾನ್‌ಗೆ ಇಂಥ ಹೊರೆ ಇರಲಿಲ್ಲ. ಬೆಂಗಳೂರಿಂದ 40 ಕಿಲೋಮೀಟರ್ ದೂರದ ಹೊಸೂರಿನಲ್ಲಿ ಕಾರ್ಖಾನೆ ಕಟ್ಟಿ, ಮೊದಲ ದಿನದಿಂದಲೂ ಕ್ವಾರ್ಟ್ಸ್ ವಾಚುಗಳನ್ನೇ ನೆಚ್ಚಿತು. ನಾನು ಪಿಯುಸಿ ಓದುತ್ತಿದ್ದ ಕಾಲ ಅದು. ಎಸ್.ಎಸ್.ಎಲ್.ಸಿ. ಪಾಸಾದಾಗ ಸಿಕ್ಕ ಎಚ್.ಎಂ.ಟಿ. ವಾಚನ್ನು ಗೆಳೆಯರೆದುರು ತೋಳಿನೊಳಗೆ ಸರಿಸಿಕೊಳ್ಳುತ್ತಿದ್ದೆ ಎಂದು ಹೇಳಲು ಈಗ ನಾಚಿಕೆಯೇನಿಲ್ಲ.

2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್.ಎಂ.ಟಿ. ವಾಚಸ್ ಕಂಪೆನಿಯನ್ನು ಮುಚ್ಚಲು ಒಪ್ಪಿಗೆ ನೀಡಿತು. ಬೆಂಗಳೂರು, ತುಮಕೂರುಗಳ ಎಚ್.ಎಂ.ಟಿ. ಜಮೀನಿನ ಒಂದು ಭಾಗವನ್ನು ಇಸ್ರೋಗೆ ವರ್ಗಾಯಿಸಲು ಅದೇ ವರ್ಷ ನಿರ್ಧಾರವಾಯಿತು. ಆ ಇಸ್ರೋ 2023ರ ಮೇ 29ರಂದು ಹಾರಿಸಿದ ಎನ್.ವಿ.ಎಸ್.-01 ಉಪಗ್ರಹದಲ್ಲಿ ಭಾರತದಲ್ಲೇ ತಯಾರಾದ ರುಬಿಡಿಯಂ ಪರಮಾಣು ಗಡಿಯಾರವಿತ್ತು. ಗಡಿಯಾರ ಮಾಡುವ ಕೆಲಸ ದೇಶದಲ್ಲಿ ನಿಂತಿಲ್ಲ, ರೂಪ ಬದಲಾಗಿದೆ. ಎಚ್.ಎಂ.ಟಿ. ಹೆಸರಿನ ಕೈಗಡಿಯಾರಗಳೂ ಸಣ್ಣ ಪ್ರಮಾಣದಲ್ಲಿ ಮಾರಾಟವಾಗುತ್ತಿವೆ. ಜಾಲಹಳ್ಳಿಯಲ್ಲಿ 2019ರಲ್ಲಿ ತೆರೆದ ಎಚ್.ಎಂ.ಟಿ. ಪರಂಪರೆ ಕೇಂದ್ರ ಮತ್ತು ವಸ್ತುಸಂಗ್ರಹಾಲಯಕ್ಕೆ ನಿಮ್ಮ ವಿದ್ಯಾರ್ಥಿಗಳನ್ನು ಒಮ್ಮೆ ಕರೆದೊಯ್ಯಿರಿ.

ಆರಿಸುವಾಗ

ಮುಚ್ಚುವ ಸುದ್ದಿ ಬರುತ್ತಲೇ, ಅದುವರೆಗೆ ಯಾರಿಗೂ ಬೇಡವಾಗಿದ್ದ ವಾಚುಗಳಿಗೆ ಜನ ಮುಗಿಬಿದ್ದರು. ಬೇಡಿಕೆ ಹೆಚ್ಚಿದಂತೆ ‘ಹೊಸ’ ಹಳೆಯ ವಾಚುಗಳು ಹುಟ್ಟಿಕೊಂಡವು. ಹಳೆಯ ಡಯಲ್ಲಿನ ಬಣ್ಣವನ್ನು ರಾಸಾಯನಿಕದಿಂದ ಕಿತ್ತು, ಹೊಸ ಬಣ್ಣ ಬಳಿದು, ಅಕ್ಷರ ಅಚ್ಚೊತ್ತಿ ಮಾರುವುದು ಸಾಮಾನ್ಯ. ಒಂದು ವಾಚಿನ ಕವಚ, ಇನ್ನೊಂದರ ಯಂತ್ರ, ಮತ್ತೊಂದರ ಮುಳ್ಳು ಸೇರಿಸಿದ ಕಲಬೆರಕೆಗಳೂ ಇವೆ. ಕಪ್ಪು ಡಯಲ್ಲಿನ ಪೈಲಟ್‌ಗೆ ಬೇಡಿಕೆ ಹೆಚ್ಚು. ನಕಲೂ ಅದಕ್ಕೇ ಹೆಚ್ಚು.

ಕೊಳ್ಳುವ ಮೊದಲು ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ಡಯಲ್ ನೋಡಿ. ಕಾರ್ಖಾನೆಯ ಅಚ್ಚಿನಲ್ಲಿ ಅಕ್ಷರದ ಅಂಚು ಚೂಪಾಗಿರುತ್ತದೆ; ನಿಮಿಷದ ಗೆರೆ ಗಂಟೆಯ ಗುರುತಿಗೆ ನೇರವಾಗಿರುತ್ತದೆ. ಮರುಬಣ್ಣದಲ್ಲಿ ಅಕ್ಷರ ಹರಡಿರುತ್ತದೆ, ಗೆರೆ ಒಂದು ಕೂದಲೆಳೆ ಸರಿದಿರುತ್ತದೆ. ಐವತ್ತು ವರ್ಷದ ವಾಚಿನ ಡಯಲ್ ಹಾಲಿನಂತೆ ಬೆಳ್ಳಗಿದ್ದರೆ ಅನುಮಾನಪಡಿ. ಕವಚಕ್ಕೆ ಅತಿಯಾಗಿ ಪಾಲಿಷ್ ಹಾಕಿದ್ದರೆ ಬೆಲ್ಟು ಸೇರುವ ಕೊಂಬುಗಳ ಅಂಚು ಸೋಪಿನಂತೆ ದುಂಡಗಾಗಿರುತ್ತದೆ. ಕಲೆ ಇದ್ದರೂ ಮೂಲ ಡಯಲ್ ಇರುವ ಜನತಾ, ಮಿರಮಿರ ಮಿಂಚುವ ಮರುಬಣ್ಣದ ಪೈಲಟ್‌ಗಿಂತ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಪ್ರಯೋಗದ ದಾಖಲೆ ಪುಸ್ತಕದಲ್ಲಿ ತಪ್ಪಿದ ಅಂಕಿಯನ್ನು ಗೀರು ಎಳೆದು ಬಿಡಬೇಕೇ ಹೊರತು ರಬ್ಬರಿನಿಂದ ಉಜ್ಜಬಾರದು ಎಂದು ನಾವೇ ಹೇಳಿಕೊಡುತ್ತೇವಲ್ಲ!

ಸಂಗ್ರಹಕಾರರು ಮೂಸಿಯೂ ನೋಡದ ಸುಜಾತಾದಂಥ ಹೆಂಗಸರ ವಾಚುಗಳ ಪರವಾಗಿ ಒಂದು ಮಾತು. ಬ್ಯಾಲೆನ್ಸ್ ಚಿಕ್ಕದಾದಷ್ಟೂ ಅದರಲ್ಲಿ ಸೇರಿರುವ ಶಕ್ತಿ ಕಡಿಮೆ, ಪ್ರತಿ ಧೂಳಿನ ಕಣವೂ ಅದಕ್ಕೆ ಅಡ್ಡಿ. ಅಷ್ಟು ಸಣ್ಣ ಯಂತ್ರ ಸರಿಯಾಗಿ ಓಡುವಂತೆ ಮಾಡುವುದು ದೊಡ್ಡದಕ್ಕಿಂತ ಕಷ್ಟದ ಕೆಲಸ. ಬೆಲೆಯೂ ಕಡಿಮೆ. ಶಾಲೆಗೆ ಕೊಳ್ಳುವವರು ಯೋಚಿಸಬಹುದು.

ಒಂದು ಎಚ್ಚರಿಕೆ. ಕತ್ತಲಲ್ಲಿ ಹೊಳೆಯುವುದಕ್ಕೆಲ್ಲ ನಾವು ‘ರೇಡಿಯಂ’ ಎನ್ನುತ್ತೇವೆ, ಆಟೋ ಹಿಂದಿನ ಸ್ಟಿಕ್ಕರಿಗೂ. ಆದರೆ 1960ರ ದಶಕಕ್ಕೆ ಮುಂಚಿನ ಅನೇಕ ವಿದೇಶಿ ವಾಚುಗಳ ಅಂಕಿಗಳಲ್ಲಿ ಇದ್ದದ್ದು ನಿಜವಾದ ರೇಡಿಯಂ. ಅಮೆರಿಕದ ನ್ಯೂಜೆರ್ಸಿಯಲ್ಲಿ ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಂಡು ಈ ಬಣ್ಣ ಬಳಿಯುತ್ತಿದ್ದ ಹುಡುಗಿಯರು 1920ರ ದಶಕದಲ್ಲಿ ದವಡೆಯ ಮೂಳೆ ಕೊಳೆತು ಸತ್ತರು. ಅಂಥ ವಾಚು ಈಗ ಹೊಳೆಯುವುದಿಲ್ಲವಲ್ಲ ಎಂದು ಮೋಸಹೋಗಬೇಡಿ. ಕೆಟ್ಟಿರುವುದು ಬೆಳಕು ಸೂಸುವ ಸತು ಸಲ್ಫೈಡ್. ರೇಡಿಯಂನ ಅರ್ಧಾಯು 1,600 ವರ್ಷ, ಅದು ಅಲ್ಲಿಯೇ ಇದೆ. ಗಾಜು ಮುಚ್ಚಿದ್ದರೆ ಆಲ್ಫಾ ಕಣಗಳು ಹೊರಬಾರವು. ಮನೆಯಲ್ಲಿ ಗಾಜು ತೆಗೆದು ಆ ಪುಡಿಯನ್ನು ಕೆರೆಯುವ ಸಾಹಸ ಬೇಡ, ಮಕ್ಕಳ ಕೈಗಂತೂ ಕೊಡಲೇಬೇಡಿ.

ತಂದೆಯ ನೋಟ್‌ಬುಕ್ಕು

ಈಗ ಆ ನೋಟ್‌ಬುಕ್ಕಿನ ವಿಷಯ. ಮೊದಲ ಪುಟದಲ್ಲಿ ವಾಚಿನ ಹಿಂಬದಿಯ ಸಂಖ್ಯೆ, ಕೊಂಡ ದಿನಾಂಕ. ನಂತರದ ಪುಟಗಳಲ್ಲಿ ಎರಡು ಕಂಬಸಾಲು. ವಾರಕ್ಕೊಮ್ಮೆ ಆಕಾಶವಾಣಿಯ ಬೆಳಗಿನ ವಾರ್ತೆಗೆ ಮುಂಚೆ ಬರುವ ಪಿಪ್ ಪಿಪ್ ಸದ್ದಿಗೆ ಹೋಲಿಸಿ, ವಾಚು ಎಷ್ಟು ಸೆಕೆಂಡು ಮುಂದೆ ಅಥವಾ ಹಿಂದೆ ಎಂದು ಬರೆದಿದ್ದಾರೆ. ಇಪ್ಪತ್ತಮೂರು ವರ್ಷಗಳ ದಾಖಲೆ. ವಾಚು ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪವೇ ಹಿಂದೆ ಬೀಳುತ್ತ, ಸರ್ವಿಸಾದ ಮೇಲೆ ಚೇತರಿಸಿಕೊಂಡದ್ದು ಎದ್ದು ಕಾಣುತ್ತದೆ.

ಪ್ರತಿ ಏಪ್ರಿಲ್-ಮೇ ತಿಂಗಳಲ್ಲಿ ಮಾತ್ರ ವಾಚು ತಟ್ಟನೆ ಹಿಂದೆ ಬಿದ್ದಿದೆ. ಮೊದಲ ವರ್ಷಗಳಲ್ಲಿ ಅಂಚಿನಲ್ಲಿ ‘ಉಷ್ಣತೆ’ ಎಂದು ಬರೆದಿದ್ದಾರೆ. 1974ರಲ್ಲಿ ಅದನ್ನು ಗೀರು ಎಳೆದು ಹೊಡೆದುಹಾಕಿ, ಪಕ್ಕದಲ್ಲಿ ‘ಊರಿನಲ್ಲಿ ಮೊಳೆಗೆ ನೇತುಹಾಕಿದ್ದರಿಂದ?’ ಎಂದು ಬರೆದಿದ್ದಾರೆ. ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ವಾಚನ್ನು ಕಟ್ಟದೆ ಗೋಡೆಯ ಮೊಳೆಗೆ ತೂಗುಹಾಕುತ್ತಿದ್ದುದು ನನಗೂ ನೆನಪಿದೆ. ಬಿಸಿಲು ಕಾರಣವೋ, ಬ್ಯಾಲೆನ್ಸಿನ ಭಾರದ ಏರುಪೇರು ಕಾರಣವೋ?

ಪರೀಕ್ಷಿಸುವುದು ಸುಲಭ. ವಾಚನ್ನು ಮೊಬೈಲಿನ ಮೈಕಿನ ಬಳಿ ಇಟ್ಟು ಹತ್ತು ನಿಮಿಷ ಸದ್ದು ಧ್ವನಿಮುದ್ರಿಸಿಕೊಳ್ಳಿ. ದಿನಕ್ಕೆ 10 ಸೆಕೆಂಡು ತಪ್ಪುವ ವಾಚಿನಲ್ಲಿ ಒಂದು ಟಿಕ್‌ಗೆ ಬರುವ ವ್ಯತ್ಯಾಸ 23 ಮೈಕ್ರೋಸೆಕೆಂಡು ಮಾತ್ರ. ಆದರೆ 3,000 ಟಿಕ್‌ಗಳಿಗೆ ಅದು 0.07 ಸೆಕೆಂಡಿನಷ್ಟಾಗಿ ಕಂಪ್ಯೂಟರಿನ ತೆರೆಯ ಮೇಲೆ ಅಳೆಯಲು ಸಿಗುತ್ತದೆ. ಮೊದಲು ಮಲಗಿಸಿ, ನಂತರ ನೇತುಹಾಕಿ, ಆಮೇಲೆ ಬೆಚ್ಚಗಿನ ಜಾಗದಲ್ಲಿಟ್ಟು ಅಳೆಯಿರಿ. ವಾಚು ಒಮ್ಮೆಲೇ ದಿನಕ್ಕೆ ಹಲವು ನಿಮಿಷ ಮುಂದೆ ಓಡಿದರೆ ಹೇರ್‌ಸ್ಪ್ರಿಂಗ್ ಕಾಂತತ್ವ ಪಡೆದು ಸುರುಳಿಗಳು ಅಂಟಿಕೊಂಡಿರಬಹುದು; ದಿಕ್ಸೂಚಿಯನ್ನು ಹತ್ತಿರ ತಂದು ನೋಡಿ. ನಿಂತ ವಾಚು ಓಡಿತೆಂದು ಎಣ್ಣೆ ಹಾಕಿಸದೆ ದಿನವಿಡೀ ಓಡಿಸಬೇಡಿ, ಅಚ್ಚು ಸವೆಯುತ್ತದೆ. ರಿಪೇರಿಗೆ ಕೊಡುವ ಮುನ್ನ ಡಯಲ್, ಯಂತ್ರ, ಹಿಂಬದಿಯ ಸಂಖ್ಯೆಗಳ ಫೋಟೊ ತೆಗೆದಿಟ್ಟುಕೊಳ್ಳಿ. ಬದಲಿಸಿದ ಹಳೆಯ ಭಾಗಗಳನ್ನು ಒಂದು ಕವರಿನಲ್ಲಿ ಹಾಕಿ ಹಿಂದಿರುಗಿಸುವಂತೆ ಕೇಳಿ. ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ.

ನಾನು ಕೇಳಿರಲಿಲ್ಲ. ತಂದೆ ಅಳೆದ ಬ್ಯಾಲೆನ್ಸ್ ಉಪ್ಪಾರಪೇಟೆಯ ಯಾವ ಡಬ್ಬಿಯಲ್ಲಿ ಉಳಿಯಿತೋ, ಯಾವ ಕಸಕ್ಕೆ ಹೋಯಿತೋ ತಿಳಿಯದು. ಕಳೆದ ವರ್ಷ ಹೆಚ್ಚುಕಡಿಮೆ ಅದೇ ಕಾಲದ ಇನ್ನೊಂದು ಜನತಾ ಕೊಂಡು ಈ ಪ್ರಯೋಗ ಮಾಡಿದೆ. ನೇತುಹಾಕಿದಾಗ ಅದು ಮಲಗಿಸಿದ್ದಕ್ಕಿಂತ ದಿನಕ್ಕೆ ಹದಿನೈದು ಸೆಕೆಂಡು ಹಿಂದೆ ಬಿತ್ತು. ಬೆಚ್ಚಗಿನ ಜಾಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ತಂದೆಯ ಊಹೆಗೆ ಇದು ಹೊಂದುತ್ತದೆ. ಆದರೆ ಭಾರದ ಏರುಪೇರು ಪ್ರತಿಯೊಂದು ಬ್ಯಾಲೆನ್ಸಿಗೂ ಬೇರೆ. ಇದು ಆ ಇನ್ನೊಂದು ವಾಚು ಕೊಟ್ಟ ಉತ್ತರ; 1974ರ ಪುಟದ ಪ್ರಶ್ನಾರ್ಥಕ ಚಿಹ್ನೆಯನ್ನು ನಾನು ಹಾಗೆಯೇ ಬಿಟ್ಟಿದ್ದೇನೆ.